ಗಡಿ ದಾಟುವ ಪ್ರಶ್ನೆಗಳು, ಅವುಗಳಿಗೆ ಒದಗುವ ಹಣ: ಯುರೋಪಿನ ಸಹಯೋಗಿ ಸಂಶೋಧನೆಯ ಪರಿಚಯ

ಐಚ್ಛಿಕ ಕನ್ನಡವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳಿಗೆ ಸಂಶೋಧನೆ ಎಂಬ ಪದ ಹೊಸದಲ್ಲ. ಶಾಸನ, ಹಸ್ತಪ್ರತಿ, ಜಾನಪದ, ಉಪಭಾಷೆ ಮುಂತಾದ ವಿಷಯಗಳಲ್ಲಿ ವಿದ್ವಾಂಸರು ನಡೆಸಿದ ಶೋಧದ ಫಲವನ್ನು ನಾವು ಪಠ್ಯಗಳಲ್ಲಿ ಓದುತ್ತೇವೆ. ಆದರೆ ಆ ಶೋಧಕ್ಕೆ ಹಣವನ್ನು ಯಾರು ಕೊಟ್ಟರು, ಯಾವ ನಿಬಂಧನೆಗಳನ್ನು ವಿಧಿಸಿದರು, ಆ ನಿಬಂಧನೆಗಳು ಶೋಧದ ದಿಕ್ಕನ್ನು ಹೇಗೆ ನಿರ್ಧರಿಸಿದವು ಎಂದು ಕೇಳುವ ರೂಢಿ ನಮ್ಮಲ್ಲಿ ಕಡಿಮೆ. ಹಣದ ಮಾತು ವಿದ್ವತ್ತಿಗೆ ಹೊರತಾದುದು ಎಂಬ ಸಂಕೋಚವೂ ಇದಕ್ಕೆ ಕಾರಣವಿದ್ದೀತು. ವಾಸ್ತವದಲ್ಲಿ ಅನುದಾನದ ನಿಯಮಗಳು ಸಂಶೋಧನೆಯ ವಿಷಯವನ್ನೂ ವಿಧಾನವನ್ನೂ ಬಹುಮಟ್ಟಿಗೆ ರೂಪಿಸುತ್ತವೆ. ಹಲವು ದೇಶಗಳ, ಹಲವು ಭಾಷೆಗಳ ವಿದ್ವಾಂಸರು ಒಂದೇ ಪ್ರಶ್ನೆಯನ್ನು ಕೂಡಿ ಎತ್ತಿಕೊಳ್ಳಬೇಕಾದಾಗಲಂತೂ ಈ ಮಾತು ಹೆಚ್ಚು ನಿಜ.

ಇದನ್ನು ಸ್ಪಷ್ಟವಾಗಿ ಕಾಣಬಹುದಾದ ಪ್ರದೇಶ ಇಂದಿನ ಯುರೋಪು. ಅಲ್ಲಿಯ ಒಕ್ಕೂಟದಲ್ಲಿ 27 ದೇಶಗಳಿವೆ. 24 ಅಧಿಕೃತ ಭಾಷೆಗಳಿವೆ. ಜನಸಂಖ್ಯೆಯಲ್ಲಿ ವೃದ್ಧರ ಪ್ರಮಾಣ ಹೆಚ್ಚುತ್ತಿರುವುದು, ವಲಸೆ, ನಿರುದ್ಯೋಗ, ಚುನಾಯಿತ ಸರಕಾರಗಳ ಮೇಲಿನ ವಿಶ್ವಾಸ ಕುಗ್ಗುತ್ತಿರುವುದು, ಸಣ್ಣ ಭಾಷೆಗಳ ಅಳಿವು ಮುಂತಾದ ಸಮಸ್ಯೆಗಳು ಆ ದೇಶಗಳಿಗೆಲ್ಲ ಸಮಾನವಾದವು. ಯಾವ ದೇಶವೂ ತನ್ನ ಗಡಿಯೊಳಗೆ ನಿಂತು ಇವುಗಳನ್ನು ಪೂರ್ತಿಯಾಗಿ ಅರಿಯಲಾರದು. ಆದ್ದರಿಂದ ಸಮಾಜವಿಜ್ಞಾನ ಮತ್ತು ಮಾನವಿಕ ಶಾಸ್ತ್ರಗಳಲ್ಲಿ ಕೂಡಿ ಸಂಶೋಧನೆ ಮಾಡುವುದಕ್ಕಾಗಿ ಕೂಡಿ ಹಣ ಒದಗಿಸುವ ವ್ಯವಸ್ಥೆಯೊಂದು ಅಲ್ಲಿ ಕ್ರಮೇಣ ಬೆಳೆದುಬಂದಿದೆ. ಅದರ ಸ್ವರೂಪ, ಸಾಧನೆ ಮತ್ತು ಕೊರತೆಗಳ ಪರಿಚಯವೇ ಈ ಲೇಖನದ ಉದ್ದೇಶ.

ವ್ಯವಸ್ಥೆ ಬೆಳೆದುಬಂದ ಬಗೆ

ಯುರೋಪಿನ ದೇಶಗಳು ಸಂಶೋಧನೆಗಾಗಿ ಸಮಾನ ಆಯವ್ಯಯದಿಂದ ಹಣ ತೆಗೆದಿರಿಸುವ ಚೌಕಟ್ಟು ಕಾರ್ಯಕ್ರಮಗಳನ್ನು 1984ರಲ್ಲಿ ಆರಂಭಿಸಿದವು. ಆರಂಭದಲ್ಲಿ ಅವುಗಳ ಗುರಿ ಉದ್ಯಮ ಮತ್ತು ತಂತ್ರಜ್ಞಾನ. ಇಂಧನ, ಗಣಕಯಂತ್ರ, ಕೈಗಾರಿಕೆಯ ಸಾಮಗ್ರಿ ಮೊದಲಾದ ಕ್ಷೇತ್ರಗಳಲ್ಲಿ ಅಮೆರಿಕ ಮತ್ತು ಜಪಾನುಗಳಿಗೆ ಸರಿಸಾಟಿಯಾಗಿ ನಿಲ್ಲುವುದು ಅಂದಿನ ಕಾಳಜಿಯಾಗಿತ್ತು. ಸಮಾಜವಿಜ್ಞಾನಕ್ಕೆ ತನ್ನದೇ ಆದ ಒಂದು ಸಣ್ಣ ಸ್ಥಾನ ದೊರೆತದ್ದು 1994ರಲ್ಲಿ ಆರಂಭವಾದ ನಾಲ್ಕನೆಯ ಕಾರ್ಯಕ್ರಮದಲ್ಲಿ. ಶಿಕ್ಷಣ, ಸಾಮಾಜಿಕ ಬಹಿಷ್ಕಾರ, ತಂತ್ರಜ್ಞಾನ ನೀತಿ ಎಂಬ ವಿಷಯಗಳನ್ನು ಅಲ್ಲಿ ಎತ್ತಿಕೊಳ್ಳಲಾಯಿತು. 2007ರಿಂದ 2013ರವರೆಗೆ ನಡೆದ ಏಳನೆಯ ಕಾರ್ಯಕ್ರಮದಲ್ಲಿ ‘ಸಾಮಾಜಿಕ-ಆರ್ಥಿಕ ವಿಜ್ಞಾನಗಳು ಮತ್ತು ಮಾನವಿಕ ಶಾಸ್ತ್ರಗಳು’ ಎಂಬ ಸ್ವತಂತ್ರ ವಿಭಾಗವೇ ಇದ್ದು, ಅದಕ್ಕೆ 62 ಕೋಟಿ 30 ಲಕ್ಷ ಯೂರೋ ಮೀಸಲಾಗಿತ್ತು.

ಈ ಸ್ಥಾನ ಶಾಶ್ವತವೆಂದು ನೆಮ್ಮದಿಯಿಂದ ಇರುವಂತಿರಲಿಲ್ಲ. 2014ರಿಂದ ನಡೆಯಬೇಕಿದ್ದ ‘ಹೊರೈಜನ್ 2020’ ಕಾರ್ಯಕ್ರಮದ ಪ್ರಸ್ತಾವವನ್ನು ಯುರೋಪಿಯನ್ ಆಯೋಗವು 2011ರಲ್ಲಿ ಮುಂದಿಟ್ಟಾಗ, ಶಾಸ್ತ್ರಗಳ ಹೆಸರಿನ ವಿಭಾಗಗಳು ಹೋಗಿ ‘ಸಾಮಾಜಿಕ ಸವಾಲು’ಗಳ ಹೆಸರಿನ ವಿಭಾಗಗಳು ಬಂದಿದ್ದವು. ಆರೋಗ್ಯ, ಆಹಾರ, ಇಂಧನ, ಸಾರಿಗೆ, ಹವಾಮಾನ ಎಂಬ ಸವಾಲುಗಳ ಕೊನೆಗೆ ಸಮಾಜವನ್ನೂ ಭದ್ರತೆಯನ್ನೂ ಒಂದೇ ವಿಭಾಗದಲ್ಲಿ ಸೇರಿಸಲಾಗಿತ್ತು. ಸಮಾಜದ ಅಧ್ಯಯನವು ಪೊಲೀಸು, ಗಡಿಕಾವಲು, ಕಣ್ಗಾವಲು ತಂತ್ರಗಳ ನೆರಳಿಗೆ ಸರಿದುಹೋಗುವುದೆಂಬ ಆತಂಕದಿಂದ ಯುರೋಪಿನಾದ್ಯಂತ ವಿದ್ವಾಂಸರು ದನಿಯೆತ್ತಿದರು. ಅದರ ಫಲವಾಗಿ ಭದ್ರತೆಯನ್ನು ಬೇರ್ಪಡಿಸಿ, ‘ಬದಲಾಗುತ್ತಿರುವ ಜಗತ್ತಿನಲ್ಲಿ ಯುರೋಪು’ ಎಂಬ ಆರನೆಯ ಸವಾಲನ್ನು ಪ್ರತ್ಯೇಕವಾಗಿ ನಿಲ್ಲಿಸಲಾಯಿತು. 2013ರ ಸೆಪ್ಟೆಂಬರಿನಲ್ಲಿ ಲಿಥುವೇನಿಯದ ರಾಜಧಾನಿ ವಿಲ್ನಿಯಸ್‌ನಲ್ಲಿ ಸೇರಿದ ಸಮ್ಮೇಳನವು ಈ ಶಾಸ್ತ್ರಗಳ ಪರವಾಗಿ ಒಂದು ಘೋಷಣೆಯನ್ನೂ ಹೊರಡಿಸಿತು. ಹೊಸ ತಂತ್ರವೊಂದು ಸಮಾಜದಲ್ಲಿ ನೆಲೆಗೊಳ್ಳಬೇಕಾದರೆ ಸಮಾಜದ ಅರಿವು ಬೇಕು. ಆ ಅರಿವನ್ನು ಕೊಡುವ ಶಾಸ್ತ್ರಗಳನ್ನು ಕೊನೆಯಲ್ಲಿ ಅಲಂಕಾರಕ್ಕೆ ಸೇರಿಸಿದರೆ ಪ್ರಯೋಜನವಿಲ್ಲ ಎಂಬುದು ಅದರ ಸಾರ.

2021ರಿಂದ 2027ರವರೆಗಿನ ಇಂದಿನ ಕಾರ್ಯಕ್ರಮದ ಹೆಸರು ‘ಹೊರೈಜನ್ ಯುರೋಪ್’. ಆರಂಭದಲ್ಲಿ ಗೊತ್ತುಪಡಿಸಿದ ಅದರ ಒಟ್ಟು ಮೊತ್ತ 9,550 ಕೋಟಿ ಯೂರೋ. ಇದರಲ್ಲಿ ‘ಸಂಸ್ಕೃತಿ, ಸೃಜನಶೀಲತೆ ಮತ್ತು ಎಲ್ಲರನ್ನೂ ಒಳಗೊಳ್ಳುವ ಸಮಾಜ’ ಎಂಬ ಎರಡನೆಯ ಗುಚ್ಛಕ್ಕೆ ಸುಮಾರು 228 ಕೋಟಿ ಯೂರೋ ದೊರೆತಿದೆ. ಪ್ರಜಾಪ್ರಭುತ್ವ, ಸಾಂಸ್ಕೃತಿಕ ಪರಂಪರೆ, ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನೆ ಎಂಬ ಮೂರು ಕ್ಷೇತ್ರಗಳು ಅದರಲ್ಲಿವೆ. ನಮ್ಮ ಕಣ್ಣಿಗೆ ಇದು ದೊಡ್ಡ ಮೊತ್ತವೇ. ಆದರೆ ಲೆಕ್ಕ ಹಾಕಿದರೆ ಒಟ್ಟು ಹಣದಲ್ಲಿ ಇದು ಶೇಕಡಾ 2.4ರಷ್ಟು ಮಾತ್ರ.

ಅರ್ಜಿಯಿಂದ ಅನುದಾನದವರೆಗೆ

ಈ ಹಣವನ್ನು ಪಡೆಯುವ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಆಯೋಗವು ಎರಡೆರಡು ವರ್ಷಗಳ ಕಾರ್ಯಯೋಜನೆಯನ್ನು ಪ್ರಕಟಿಸುತ್ತದೆ. ಅದರಲ್ಲಿ ಯಾವ ಯಾವ ವಿಷಯಗಳ ಬಗೆಗೆ ಸಂಶೋಧನೆ ಬೇಕು, ಅದರಿಂದ ಯಾವ ಫಲವನ್ನು ನಿರೀಕ್ಷಿಸಲಾಗಿದೆ, ಎಷ್ಟು ಹಣವಿದೆ, ಅರ್ಜಿಗೆ ಕೊನೆಯ ದಿನ ಯಾವುದು ಎಂಬ ವಿವರಗಳಿರುತ್ತವೆ. ಸಹಯೋಗಿ ಯೋಜನೆಯಾದರೆ ಕನಿಷ್ಠ ಮೂರು ಬೇರೆ ಬೇರೆ ದೇಶಗಳ ಮೂರು ಸ್ವತಂತ್ರ ಸಂಸ್ಥೆಗಳು ಸೇರಿ ಅರ್ಜಿ ಹಾಕಬೇಕು. ಅವುಗಳಲ್ಲಿ ಒಂದಾದರೂ ಒಕ್ಕೂಟದ ಸದಸ್ಯ ದೇಶದ್ದಾಗಿರಬೇಕು. ವಾಸ್ತವದಲ್ಲಿ ಹತ್ತು ಹದಿನೈದು ಸಂಸ್ಥೆಗಳು ಸೇರುವುದು ಸಾಮಾನ್ಯ. ಅವುಗಳಲ್ಲಿ ಒಂದು ಸಂಸ್ಥೆ ಸಂಯೋಜಕನ ಹೊಣೆ ಹೊರುತ್ತದೆ.

ಬಂದ ಅರ್ಜಿಗಳನ್ನು ಆಯೋಗದ ಅಧಿಕಾರಿಗಳು ತಾವೇ ತೂಗುವುದಿಲ್ಲ. ಹೊರಗಿನ ತಜ್ಞರು, ಕನಿಷ್ಠ ಮೂವರು, ಒಬ್ಬೊಬ್ಬರಾಗಿ ಓದಿ, ಅನಂತರ ಕೂಡಿ ಚರ್ಚಿಸಿ ಒಮ್ಮತಕ್ಕೆ ಬರುತ್ತಾರೆ. ಉತ್ಕೃಷ್ಟತೆ, ಪರಿಣಾಮ, ಅನುಷ್ಠಾನ ಎಂಬ ಮೂರು ಮಾನದಂಡಗಳಿಗೆ ತಲಾ 5 ಅಂಕ. ಪ್ರತಿಯೊಂದರಲ್ಲಿಯೂ ಕನಿಷ್ಠ 3, ಒಟ್ಟು 15ರಲ್ಲಿ ಕನಿಷ್ಠ 10 ಬರಬೇಕೆಂಬುದು ಸಾಮಾನ್ಯ ನಿಯಮ. ಅಷ್ಟು ಬಂದರೂ ಹಣ ಸಿಗುವ ಖಾತರಿಯಿಲ್ಲ. ಅಂಕಗಳ ಕ್ರಮದಲ್ಲಿ ಹಣ ಮುಗಿಯುವವರೆಗೆ ಮಾತ್ರ ಆಯ್ಕೆ ನಡೆಯುತ್ತದೆ.

ಇಲ್ಲಿ ‘ಪರಿಣಾಮ’ ಎಂಬ ಎರಡನೆಯ ಮಾನದಂಡವನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಸಂಶೋಧನೆ ಒಳ್ಳೆಯದೆಂದು ತೋರಿಸಿದರೆ ಸಾಲದು. ಅದರಿಂದ ಸಮಾಜಕ್ಕೆ ಏನಾಗುವುದೆಂದು ಮೊದಲೇ ವಿವರಿಸಬೇಕು. ಶಾಲೆಗಳು ಇದನ್ನು ಹೇಗೆ ಬಳಸುವವು, ನೀತಿ ರೂಪಿಸುವವರಿಗೆ ಯಾವ ಬಗೆಯ ಸಲಹೆ ದೊರೆಯುವುದು, ಜನಸಾಮಾನ್ಯರಿಗೆ ಹೇಗೆ ತಲುಪಿಸುವಿರಿ ಎಂಬ ಪ್ರಶ್ನೆಗಳಿಗೆ ಉತ್ತರ ಬೇಕು. ಇದರಲ್ಲಿ ಒಳಿತೂ ಇದೆ, ತೊಡಕೂ ಇದೆ. ಪಂಡಿತರು ಪಂಡಿತರಿಗಾಗಿ ಮಾತ್ರ ಬರೆಯುವ ಅಭ್ಯಾಸಕ್ಕೆ ಇದು ಕಡಿವಾಣ ಹಾಕುತ್ತದೆ. ಆದರೆ ಹಳೆಯ ಹಸ್ತಪ್ರತಿಯೊಂದರ ಪಾಠಶೋಧನೆಗೆ ನಾಲ್ಕು ವರ್ಷಗಳೊಳಗೆ ಕಾಣುವ ಸಾಮಾಜಿಕ ಪರಿಣಾಮ ಏನೆಂದು ಕೇಳಿದರೆ ಪ್ರಾಮಾಣಿಕ ವಿದ್ವಾಂಸನಿಗೆ ಉತ್ತರಿಸುವುದು ಕಷ್ಟ. ಇಂಥ ಏಕವ್ಯಕ್ತಿ ಶೋಧಕ್ಕೆಂದೇ 2007ರಲ್ಲಿ ಸ್ಥಾಪಿತವಾದ ಯುರೋಪಿಯನ್ ಸಂಶೋಧನ ಮಂಡಳಿ ಪ್ರತ್ಯೇಕವಾಗಿದೆ. ಅಲ್ಲಿ ವಿಷಯವನ್ನು ಸಂಶೋಧಕನೇ ಆರಿಸಿಕೊಳ್ಳುತ್ತಾನೆ, ಉತ್ಕೃಷ್ಟತೆಯೊಂದೇ ಮಾನದಂಡ.

ಒಟ್ಟು ನಿಧಿ ಮತ್ತು ಪಾಲು ನಿಧಿ

ಒಕ್ಕೂಟದ ಈ ವ್ಯವಸ್ಥೆಯ ಜೊತೆಗೆ ಇನ್ನೊಂದು ದಾರಿಯೂ ಇದೆ. ಪ್ರತಿಯೊಂದು ದೇಶಕ್ಕೂ ತನ್ನದೇ ಆದ ಸಂಶೋಧನ ಮಂಡಳಿ ಇರುತ್ತದೆ. ಈ ಮಂಡಳಿಗಳೇ ಕೈಜೋಡಿಸಿ ಹಣ ಕೂಡಿಸುವುದು ಆ ದಾರಿ. ಮಾನವಿಕ ಶಾಸ್ತ್ರಗಳಿಗಾಗಿ ‘ಹೆರಾ’, ಸಮಾಜವಿಜ್ಞಾನಗಳಿಗಾಗಿ ‘ನಾರ್‌ಫೇಸ್’ ಎಂಬ ಎರಡು ಜಾಲಗಳು ಹೀಗೆ ಹುಟ್ಟಿಕೊಂಡವು. ಹೆರಾ 2009ರಲ್ಲಿ ತನ್ನ ಮೊದಲ ಜಂಟಿ ಆಹ್ವಾನವನ್ನು ಹೊರಡಿಸಿತು. ಮುಂದಿನ ಸುತ್ತುಗಳಲ್ಲಿ ಸಂಸ್ಕೃತಿಗಳ ಮುಖಾಮುಖಿ, ಗತಕಾಲದ ಬಳಕೆ, ಸಾರ್ವಜನಿಕ ಸ್ಥಳಗಳು ಎಂಬ ವಿಷಯಗಳನ್ನು ಆರಿಸಿಕೊಂಡಿತು. ನಾರ್‌ಫೇಸ್ ಧರ್ಮ, ವಲಸೆ, ಕಲ್ಯಾಣರಾಜ್ಯದ ಭವಿಷ್ಯ, ಅಸಮಾನತೆ ಮೊದಲಾದ ವಿಷಯಗಳನ್ನು ಎತ್ತಿಕೊಂಡಿತು. ಈಚೆಗೆ ಎರಡೂ ಜಾಲಗಳು ‘ಚಾನ್ಸ್’ ಎಂಬ ಕಾರ್ಯಕ್ರಮದಲ್ಲಿ ಕೂಡಿಕೊಂಡು, ಡಿಜಿಟಲ್ ಯುಗದ ಸಾಮಾಜಿಕ ಮತ್ತು ಸಾಂಸ್ಕೃತಿಕ ಪರಿವರ್ತನೆ ಎಂಬ ವಿಷಯದ ಮೇಲೆ 2021ರಲ್ಲಿ ಆಹ್ವಾನ ನೀಡಿದವು. ಇದರ ಸಂಯೋಜನೆಯ ಹೊಣೆ ಪೋಲೆಂಡಿನ ರಾಷ್ಟ್ರೀಯ ವಿಜ್ಞಾನ ಕೇಂದ್ರದ್ದು.

ಹೀಗೆ ಕೂಡಿಸಿದ ಹಣವನ್ನು ಹಂಚುವುದರಲ್ಲಿ ಎರಡು ಪದ್ಧತಿಗಳಿವೆ. ಮೊದಲನೆಯದು ಒಟ್ಟು ನಿಧಿ. ಎಲ್ಲ ದೇಶಗಳೂ ಒಂದೇ ಬೊಕ್ಕಸಕ್ಕೆ ಹಣ ಹಾಕುತ್ತವೆ. ಒಳ್ಳೆಯ ಯೋಜನೆ ಯಾವ ದೇಶದಿಂದ ಬಂದರೂ ಅದಕ್ಕೆ ಅಲ್ಲಿಂದ ಹಣ ಸಂದಾಯವಾಗುತ್ತದೆ. ಒಂದು ದೇಶದ ತೆರಿಗೆಯ ಹಣ ಇನ್ನೊಂದು ದೇಶದ ಸಂಶೋಧಕನಿಗೆ ಹೋಗಬಹುದು. ಎರಡನೆಯದು ಪಾಲು ನಿಧಿ. ಆಯ್ಕೆ ಜಂಟಿಯಾಗಿ ನಡೆದರೂ ಪ್ರತಿ ದೇಶ ತನ್ನ ಸಂಶೋಧಕರ ಖರ್ಚನ್ನು ಮಾತ್ರ ತಾನೇ ಕೊಡುತ್ತದೆ. ಇದರಲ್ಲಿ ಒಂದು ತೊಡಕಿದೆ. ನಾಲ್ಕು ದೇಶಗಳ ಉತ್ತಮ ತಂಡವೊಂದು ಆಯ್ಕೆಯಾದಾಗ, ಅವುಗಳಲ್ಲಿ ಒಂದು ದೇಶದ ಪಾಲಿನ ಹಣ ಅಷ್ಟರಲ್ಲಿ ಮುಗಿದುಹೋಗಿದ್ದರೆ ಇಡೀ ಯೋಜನೆಯೇ ನಿಲ್ಲುವ ಸಂಭವವಿರುತ್ತದೆ. ಅಂಥ ಕಡೆ ತುಂಬಿಕೊಡುವುದಕ್ಕಾಗಿಯೇ ಆಯೋಗವು ಒಂದಿಷ್ಟು ಹಣವನ್ನು ಮೇಲಿಂದ ಸೇರಿಸುವ ಏರ್ಪಾಡನ್ನೂ ಮಾಡಿಕೊಳ್ಳಲಾಗಿದೆ.

ಕೂಡುಕುಟುಂಬಗಳನ್ನು ಬಲ್ಲವರಿಗೆ ಈ ಚರ್ಚೆಯ ಮರ್ಮ ತಿಳಿಯುವುದು ಕಷ್ಟವಲ್ಲ. ನಾವು ಹಾಕಿದಷ್ಟು ನಮಗೆ ಮರಳಿ ಬರಬೇಕು ಎಂಬ ಲೆಕ್ಕ ಮೇಲುಗೈಯಾದರೆ ಸಹಯೋಗ ಹೆಸರಿಗೆ ಮಾತ್ರ ಉಳಿಯುತ್ತದೆ. ಆ ಲೆಕ್ಕವನ್ನು ಪೂರ್ತಿ ಬಿಟ್ಟರೆ ತೆರಿಗೆ ಕೊಡುವ ಪ್ರಜೆಗೆ ಮಂಡಳಿ ಉತ್ತರ ಹೇಳಬೇಕಾಗುತ್ತದೆ. ಯುರೋಪಿನ ಮಂಡಳಿಗಳು ಈ ಎರಡರ ನಡುವೆ ಹದವನ್ನು ಹುಡುಕುತ್ತಲೇ ಬಂದಿವೆ.

ಒಂದೇ ಪ್ರಶ್ನೆ, ಹಲವು ಭಾಷೆಗಳು

ಹಣ ಕೂಡಿತು, ತಂಡ ಕೂಡಿತು ಎಂದ ಮಾತ್ರಕ್ಕೆ ಜ್ಞಾನ ಕೂಡುವುದಿಲ್ಲ. ಹಲವು ಭಾಷೆಗಳ ಜನರನ್ನು ಒಂದೇ ಪ್ರಶ್ನೆ ಕೇಳುವುದು ಹೇಗೆ ಎಂಬ ತೊಡಕು ಅನಂತರ ಎದುರಾಗುತ್ತದೆ. ಭಾಷೆಯ ವಿದ್ಯಾರ್ಥಿಗಳಾದ ನಮಗೆ ಇದು ಅತ್ಯಂತ ಹತ್ತಿರದ ವಿಷಯ.

ಇದಕ್ಕೆ ಉತ್ತಮ ನಿದರ್ಶನ ‘ಯುರೋಪಿಯನ್ ಸಾಮಾಜಿಕ ಸಮೀಕ್ಷೆ’. ಬ್ರಿಟನ್ನಿನ ಸಮಾಜವಿಜ್ಞಾನಿ ರೋಜರ್ ಜೋವೆಲ್ ಇದರ ಸ್ಥಾಪಕರಲ್ಲಿ ಪ್ರಮುಖರು. 2002ರಲ್ಲಿ ಮೊದಲ ಸುತ್ತು ನಡೆಯಿತು. ಅಂದಿನಿಂದ ಎರಡು ವರ್ಷಗಳಿಗೊಮ್ಮೆ ನಡೆಯುತ್ತಿದೆ. ಸಮನ್ವಯದ ಖರ್ಚನ್ನು ಆರಂಭದಲ್ಲಿ ಆಯೋಗವೂ, ತಮ್ಮ ತಮ್ಮ ನೆಲದ ಸಂದರ್ಶನಗಳ ಖರ್ಚನ್ನು ಆಯಾ ದೇಶಗಳೂ ಹೊತ್ತವು. 2005ರಲ್ಲಿ ಇದಕ್ಕೆ ದೇಕಾರ್ತ್ ಪ್ರಶಸ್ತಿ ದೊರೆಯಿತು. ಅಲ್ಲಿಯವರೆಗೆ ಯಾವ ಸಮಾಜವಿಜ್ಞಾನ ಯೋಜನೆಗೂ ಆ ಗೌರವ ಸಂದಿರಲಿಲ್ಲ. 2013ರಲ್ಲಿ ಇದು ಒಕ್ಕೂಟದ ಕಾನೂನಿನ ಮೇರೆಗೆ ಸ್ಥಿರ ಸಂಸ್ಥೆಯಾಯಿತು.

ಜನರು ಒಬ್ಬರನ್ನೊಬ್ಬರು ಎಷ್ಟು ನಂಬುತ್ತಾರೆ ಎಂಬುದು ಈ ಸಮೀಕ್ಷೆ ಕೇಳುವ ಪ್ರಶ್ನೆಗಳಲ್ಲಿ ಒಂದು. ಕೇಳಲು ಸರಳ. ಆದರೆ ಇದನ್ನೇ ನಮ್ಮ ಎರಡು ಭಾಷೆಗಳಲ್ಲಿ ಕೇಳಬೇಕಾದರೆ ಏನಾಗುವುದೆಂದು ಯೋಚಿಸಿ. ಕನ್ನಡದ ‘ನಂಬಿಕೆ’ ಮನುಷ್ಯನ ಮೇಲಿನ ವಿಶ್ವಾಸಕ್ಕೂ ದೇವರ ಮೇಲಿನ ಶ್ರದ್ಧೆಗೂ ಸಲ್ಲುತ್ತದೆ. ‘ಮೂಢನಂಬಿಕೆ’ಯಲ್ಲಿಯೂ ಅದೇ ಪದವಿದೆ. ಮರಾಠಿಯಲ್ಲಿ ‘ವಿಶ್ವಾಸ’, ‘ಶ್ರದ್ಧಾ’, ‘ಭರವಸಾ’ ಎಂದು ಬೇರೆ ಬೇರೆ ಪದಗಳು. ಅವುಗಳಲ್ಲಿ ‘ಭರವಸಾ’ ಎಂದರೆ ವಿಶ್ವಾಸ. ಅದೇ ಮೂಲದ ನಮ್ಮ ‘ಭರವಸೆ’ಯಾದರೋ ಆಶ್ವಾಸನೆ ಅಥವಾ ಆಶಾಭಾವವನ್ನು ಸೂಚಿಸುತ್ತದೆ. ಪದ ಒಂದೇ ಕಾಣುತ್ತದೆಂದು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಸೊಲ್ಲಾಪುರದ ಎರಡು ಓಣಿಗಳ ಜನ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಟ್ಟಿರುತ್ತಾರೆ. ಅವರ ಉತ್ತರಗಳ ಅಂತರವನ್ನು ಸಮಾಜಗಳ ಅಂತರವೆಂದು ನಾವು ತಪ್ಪಾಗಿ ತಿಳಿಯುತ್ತೇವೆ.

ಈ ತಪ್ಪನ್ನು ತಡೆಯಲು ಸಮೀಕ್ಷೆಯವರು ಐದು ಹಂತಗಳ ವಿಧಾನವನ್ನು ಅನುಸರಿಸುತ್ತಾರೆ. ಭಾಷಾತಜ್ಞೆ ಜಾನೆಟ್ ಹಾರ್ಕ್‌ನೆಸ್ ಇದನ್ನು ರೂಪಿಸಿದರು. ಮೊದಲು ಇಬ್ಬರು ಅನುವಾದಕರು ಪರಸ್ಪರ ನೋಡದೆ ಪ್ರಶ್ನಾವಳಿಯನ್ನು ಅನುವಾದಿಸುತ್ತಾರೆ. ಎರಡನೆಯ ಹಂತದಲ್ಲಿ ಅವರೂ ಒಬ್ಬ ವಿಮರ್ಶಕರೂ ಕುಳಿತು ಸಾಲು ಸಾಲಾಗಿ ಎರಡನ್ನೂ ಹೋಲಿಸುತ್ತಾರೆ. ಮೂರನೆಯದು ನಿರ್ಣಯ: ಭಾಷೆಯನ್ನೂ ಸಮೀಕ್ಷಾಶಾಸ್ತ್ರವನ್ನೂ ಬಲ್ಲವರು ಅಂತಿಮ ಪಾಠವನ್ನು ಗೊತ್ತುಪಡಿಸುತ್ತಾರೆ. ನಾಲ್ಕನೆಯದು ಕೆಲವು ಜನರ ಮೇಲೆ ಪೂರ್ವಪರೀಕ್ಷೆ. ಐದನೆಯದು ದಾಖಲೆ: ಯಾವ ಪದವನ್ನು ಏಕೆ ಬಿಟ್ಟೆವು, ಯಾವುದನ್ನು ಏಕೆ ಆರಿಸಿದೆವು ಎಂಬುದನ್ನೆಲ್ಲ ಬರೆದಿಡುವುದು. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಗ್ರಂಥಸಂಪಾದಕನ ಶಿಸ್ತನ್ನು ಓದಿದ ನಿಮಗೆ ಇದು ಪರಿಚಿತವೆನಿಸಬೇಕು. ಜರ್ಮನಿ, ಆಸ್ಟ್ರಿಯ, ಸ್ವಿಟ್ಜರ್ಲೆಂಡುಗಳಂತೆ ಒಂದೇ ಭಾಷೆಯನ್ನು ಹಂಚಿಕೊಂಡ ದೇಶಗಳು ತಮ್ಮ ತಮ್ಮ ಪಾಠಗಳನ್ನು ಪರಸ್ಪರ ಹೋಲಿಸಿ ನೋಡುತ್ತವೆ. ಗಡಿಯ ಆಚೆ ಈಚೆ ಒಂದೇ ಭಾಷೆ ಎರಡು ರೀತಿ ಬಳಕೆಯಲ್ಲಿರುವುದನ್ನು ಅವು ಬಲ್ಲವು.

ಸಮೀಕ್ಷೆಯ ಇನ್ನೊಂದು ನಿಯಮ ಗಮನಾರ್ಹ. ಒಂದು ದೇಶದ ಜನಸಂಖ್ಯೆಯಲ್ಲಿ ಶೇಕಡಾ 5 ಅಥವಾ ಅದಕ್ಕಿಂತ ಹೆಚ್ಚು ಜನರ ಮೊದಲ ಭಾಷೆಯಾಗಿರುವ ಪ್ರತಿಯೊಂದು ಭಾಷೆಯಲ್ಲಿಯೂ ಪ್ರಶ್ನಾವಳಿ ಸಿದ್ಧವಾಗಬೇಕು. ಹೀಗಾಗಿ ಎಸ್ಟೋನಿಯದಲ್ಲಿ ರಷ್ಯನ್ ಭಾಷೆಯಲ್ಲಿಯೂ, ಸ್ವಿಟ್ಜರ್ಲೆಂಡಿನಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್ ಮೂರರಲ್ಲಿಯೂ ಪ್ರಶ್ನೆ ಕೇಳುತ್ತಾರೆ. ಅಲ್ಪಸಂಖ್ಯಾತ ಭಾಷಿಕನನ್ನು ಅವನ ಭಾಷೆಯಲ್ಲಿಯೇ ಕೇಳಬೇಕೆಂಬ ಸೌಜನ್ಯ ಇಲ್ಲಿ ನಿಯಮವಾಗಿದೆ. ಆದರೆ ಶೇಕಡಾ 5ಕ್ಕಿಂತ ಕಡಿಮೆ ಇರುವ ಭಾಷಿಕರ ಗತಿ ಏನು?

ನದಿಯ ಎರಡು ದಂಡೆಗಳು

ಆ ಪ್ರಶ್ನೆಯನ್ನೇ ಎತ್ತಿಕೊಂಡ ಯೋಜನೆಯೊಂದು ಏಳನೆಯ ಚೌಕಟ್ಟು ಕಾರ್ಯಕ್ರಮದಿಂದ ಹಣ ಪಡೆಯಿತು. ಅದರ ಹೆಸರು ‘ಎಲ್ಡಿಯ’. 2010ರಿಂದ 2013ರವರೆಗೆ ನಡೆಯಿತು. ಜರ್ಮನಿಯ ಮೈನ್ಸ್ ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿ ಜರ್ಮನಿ, ಆಸ್ಟ್ರಿಯ, ಫಿನ್ಲೆಂಡ್, ಎಸ್ಟೋನಿಯ, ಸ್ವೀಡನ್, ಸ್ಲೊವೇನಿಯ ಎಂಬ ಆರು ದೇಶಗಳ ಸಂಸ್ಥೆಗಳು ಕೂಡಿದವು. ಫಿನ್ನೋ-ಉಗ್ರಿಕ್ ಭಾಷಾಕುಟುಂಬಕ್ಕೆ ಸೇರಿದ ಅಲ್ಪಸಂಖ್ಯಾತ ಭಾಷೆಗಳು ಅವರ ಅಧ್ಯಯನದ ವಸ್ತು.

ಅವುಗಳಲ್ಲಿ ಒಂದು ಸ್ವೀಡನ್ನಿನ ಉತ್ತರ ತುದಿಯ ತೊರ್ನೆ ಕಣಿವೆಯ ಭಾಷೆ. 1809ರಲ್ಲಿ ಸ್ವೀಡನ್ ಯುದ್ಧದಲ್ಲಿ ಸೋತು ಫಿನ್ಲೆಂಡನ್ನು ರಷ್ಯಕ್ಕೆ ಬಿಟ್ಟುಕೊಟ್ಟಾಗ ತೊರ್ನೆ ಮತ್ತು ಮುಓನಿಯೊ ನದಿಗಳೇ ಗಡಿಯಾದವು. ಎರಡೂ ದಂಡೆಗಳ ಮೇಲೆ ಒಂದೇ ಮಾತನ್ನಾಡುತ್ತಿದ್ದ ರೈತರು, ಬೆಸ್ತರು ಎರಡು ರಾಜ್ಯಗಳಿಗೆ ಹಂಚಿಹೋದರು. ಸ್ವೀಡನ್ನಿನ ಕಡೆಗೆ ಉಳಿದವರ ಮಕ್ಕಳಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಶಾಲೆ ಸ್ವೀಡಿಷ್ ಭಾಷೆಯಲ್ಲಿಯೇ ನಡೆಯಿತು. ಶಾಲೆಯ ಆವರಣದಲ್ಲಿ ಮನೆಮಾತನ್ನಾಡುವುದಕ್ಕೆ ಎಷ್ಟೋ ಕಡೆ ನಿಷೇಧವಿತ್ತು. ಆ ಮಾತಿಗೆ ಇಂದು ‘ಮೆಆನ್‌ಕಿಯೆಲಿ’ ಎಂಬ ಹೆಸರಿದೆ. ಅದರ ಅರ್ಥ ‘ನಮ್ಮ ಭಾಷೆ’. 2000ದಲ್ಲಿ ಜಾರಿಗೆ ಬಂದ ಕಾನೂನಿನಿಂದ ಸ್ವೀಡನ್ ಅದನ್ನು ತನ್ನ ಐದು ರಾಷ್ಟ್ರೀಯ ಅಲ್ಪಸಂಖ್ಯಾತ ಭಾಷೆಗಳಲ್ಲಿ ಒಂದೆಂದು ಮನ್ನಿಸಿತು.

ಈ ಭಾಷೆಯ ಸ್ಥಿತಿಯನ್ನು ಒಂದೇ ದೇಶದ ವಿದ್ವಾಂಸರು ಅಳೆಯಲು ಹೊರಟರೆ ಏನಾದೀತು? ಪಶ್ಚಿಮದ ದಂಡೆಯಿಂದ ನೋಡಿದವನಿಗೆ ಅದು ಸ್ವೀಡಿಷ್‌ನ ಎದುರು ನಿಂತ ಒಂದು ಸಣ್ಣ, ಸ್ವತಂತ್ರ ಭಾಷೆ. ಪೂರ್ವದ ದಂಡೆಯಿಂದ ನೋಡಿದವನಿಗೆ ಅದು ಫಿನ್ನಿಷ್‌ನ ಒಂದು ಉಪಭಾಷೆ. ಭಾಷೆಯೋ ಉಪಭಾಷೆಯೋ ಎಂಬ ನಿರ್ಣಯವೇ ನೋಡುವವನು ನಿಂತ ದಂಡೆಯನ್ನು ಅವಲಂಬಿಸಿದೆ. ಎರಡೂ ದಂಡೆಯವರನ್ನೂ ದೂರದ ಮೂರನೆಯವರನ್ನೂ ಒಂದೇ ತಂಡದಲ್ಲಿ ಕೂಡಿಸಿದಾಗ ಯಾರೊಬ್ಬರ ದೃಷ್ಟಿಯೂ ಸಹಜವೆಂದು ಸುಮ್ಮನೆ ಒಪ್ಪಿತವಾಗುವುದಿಲ್ಲ. ಮೂರು ದೇಶಗಳು ಸೇರಬೇಕು ಎಂಬ ಒಣ ನಿಯಮದ ಬೌದ್ಧಿಕ ಫಲ ಇಲ್ಲಿದೆ.

ಎಲ್ಡಿಯದ ವಿದ್ವಾಂಸರು ಭಾಷೆಯ ಚೈತನ್ಯವನ್ನು ಅಳೆಯುವ ಒಂದು ಮಾಪಕವನ್ನು ರೂಪಿಸಿದರು. ಜಿನೀವಾದ ಭಾಷಾನೀತಿ ತಜ್ಞ ಫ್ರಾನ್ಸ್ವಾ ಗ್ರಿನ್ ಸೂಚಿಸಿದ್ದ ಮೂರು ಅಂಶಗಳು ಅದಕ್ಕೆ ಆಧಾರ: ಭಾಷೆಯನ್ನು ಬಳಸುವ ಸಾಮರ್ಥ್ಯ, ಬಳಸಲು ಅವಕಾಶ, ಬಳಸಬೇಕೆಂಬ ಇಚ್ಛೆ. ಪುಸ್ತಕ, ಪತ್ರಿಕೆ, ಪ್ರಸಾರ ಮುಂತಾದ ಭಾಷಾ ಉತ್ಪನ್ನಗಳನ್ನು ನಾಲ್ಕನೆಯದಾಗಿ ಸೇರಿಸಿದರು. ಸೊನ್ನೆಯಿಂದ ನಾಲ್ಕರವರೆಗಿನ ಶ್ರೇಣಿಯಲ್ಲಿ ಸೊನ್ನೆ ತೀವ್ರ ಅಪಾಯವನ್ನೂ ನಾಲ್ಕು ಭದ್ರ ಸ್ಥಿತಿಯನ್ನೂ ಸೂಚಿಸುತ್ತದೆ. ಅಲ್ಪಸಂಖ್ಯಾತರನ್ನಷ್ಟೇ ಕೇಳದೆ, ಹೋಲಿಕೆಗಾಗಿ ಬಹುಸಂಖ್ಯಾತ ಭಾಷಿಕರನ್ನೂ ಕೇಳಿದ್ದು ಈ ಯೋಜನೆಯ ವಿಶೇಷ. ಒಂದು ಭಾಷೆಯ ಅಳಿವು ಉಳಿವು ಆ ಭಾಷಿಕರ ಕೈಯಲ್ಲಿ ಮಾತ್ರ ಇರುವುದಿಲ್ಲ. ಅಕ್ಕಪಕ್ಕದವರ ಮನೋಭಾವದಲ್ಲಿಯೂ ಇರುತ್ತದೆ.

ಕೊರತೆಗಳು

ಈ ವ್ಯವಸ್ಥೆಯನ್ನು ಹೊಗಳಿ ಕೈಬಿಟ್ಟರೆ ಪರಿಚಯ ಅರ್ಧವಾದಂತೆ. ಮೊದಲ ಕೊರತೆ ಭಾಷೆಯದೇ. ಒಕ್ಕೂಟದ ಯಾವ ಅಧಿಕೃತ ಭಾಷೆಯಲ್ಲಿ ಬೇಕಾದರೂ ಅರ್ಜಿ ಬರೆಯಲು ಅವಕಾಶವಿದೆಯಾದರೂ ಬರುವ ಅರ್ಜಿಗಳೆಲ್ಲ ಬಹುತೇಕ ಇಂಗ್ಲಿಷಿನಲ್ಲಿ. ಬಹುಭಾಷಿಕತೆಯ ಬಗೆಗಿನ ಯೋಜನೆಗಳೂ ಇಂಗ್ಲಿಷಿನಲ್ಲಿಯೇ ಯೋಚಿಸಿ, ಇಂಗ್ಲಿಷಿನಲ್ಲಿಯೇ ವರದಿ ಬರೆಯಬೇಕಾದ ಸ್ಥಿತಿ ಒಂದು ವಿಪರ್ಯಾಸ.

ಎರಡನೆಯದು ಅಸಮಾನತೆ. ದೊಡ್ಡ ಅರ್ಜಿಯನ್ನು ಬರೆಯುವುದೇ ಒಂದು ವೃತ್ತಿಯಾಗಿದ್ದು, ಅದಕ್ಕೆ ಪ್ರತ್ಯೇಕ ಕಚೇರಿಗಳನ್ನು ಇಟ್ಟುಕೊಂಡ ಶ್ರೀಮಂತ ವಿಶ್ವವಿದ್ಯಾಲಯಗಳಿಗೆ ಹಣ ಸುಲಭವಾಗಿ ಒದಗುತ್ತದೆ. 2004ರಿಂದ ಈಚೆಗೆ ಒಕ್ಕೂಟವನ್ನು ಸೇರಿದ 13 ದೇಶಗಳಿಗೆಲ್ಲ ಸೇರಿ ಹೊರೈಜನ್ 2020ರ ಹಣದಲ್ಲಿ ದೊರೆತದ್ದು ಶೇಕಡಾ 5ರ ಆಸುಪಾಸು. ಇದನ್ನು ಸರಿಪಡಿಸಲು ಪ್ರತ್ಯೇಕ ಕ್ರಮಗಳನ್ನು ಕೈಗೊಳ್ಳಲಾಗಿದೆ.

ಮೂರನೆಯದು ರಾಜಕಾರಣ. ಗ್ರಿನ್ ಅವರ ಮುಂದಾಳುತನದಲ್ಲಿ ಬಹುಭಾಷಿಕ ಯುರೋಪಿನ ಬಗೆಗೆ ನಡೆದ, ಸುಮಾರು 50 ಲಕ್ಷ ಯೂರೋ ವೆಚ್ಚದ ‘ಮೈಮ್’ ಯೋಜನೆಯ ಸಂಯೋಜನೆ ಸ್ವಿಟ್ಜರ್ಲೆಂಡಿನಲ್ಲಿಯೇ ಆಗಿತ್ತು. ಮುಂದೆ ಸ್ವಿಸ್ ಸರಕಾರ ಮತ್ತು ಒಕ್ಕೂಟದ ನಡುವಣ ಮಾತುಕತೆ 2021ರಲ್ಲಿ ಮುರಿದುಬಿದ್ದಾಗ ಆ ದೇಶದ ಸಂಸ್ಥೆಗಳು ಹೊರೈಜನ್ ಯುರೋಪಿನ ಪೂರ್ಣ ಸಹಭಾಗಿತ್ವದಿಂದ ಕೆಲವು ವರ್ಷ ಹೊರಗುಳಿಯಬೇಕಾಯಿತು. ವಿದ್ವಾಂಸರ ಸ್ನೇಹ ಉಳಿದರೂ ಹಣದ ದಾರಿ ಮುಚ್ಚಿತು.

ನಾಲ್ಕನೆಯದು ಕಾಲ. ಯೋಜನೆಗೆ ಮೂರು ನಾಲ್ಕು ವರ್ಷಗಳ ಅವಧಿ ಮುಗಿಯಿತೆಂದರೆ ತಂಡ ಚದುರುತ್ತದೆ. ತರುಣ ಸಂಶೋಧಕರು ಮುಂದಿನ ಅನುದಾನವನ್ನು ಹುಡುಕುತ್ತ ಊರು ಬದಲಿಸುತ್ತಾರೆ. ಭಾಷೆಯ ಬದಲಾವಣೆಯಾದರೋ ತಲೆಮಾರುಗಳ ಲೆಕ್ಕದಲ್ಲಿ ನಡೆಯುವಂಥದು.

ನಮ್ಮ ನೆಲದ ಪ್ರಶ್ನೆ

ದೂರದ ಯುರೋಪಿನ ಈ ಕಥೆಯಿಂದ ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಆಗಬೇಕಾದುದೇನು? ನೇರವಾದ ಹಣದ ನಂಟು ತೆಳುವಾದದ್ದು. ಹೊರೈಜನ್ ಯೋಜನೆಗಳಲ್ಲಿ ಭಾರತದ ಸಂಸ್ಥೆಗಳು ಪಾಲುಗೊಳ್ಳಬಹುದು. ಆದರೆ 2014ರ ನಂತರ ತಮ್ಮ ಪಾಲಿನ ಖರ್ಚನ್ನು ಸಾಮಾನ್ಯವಾಗಿ ತಾವೇ ಹೊಂದಿಸಿಕೊಳ್ಳಬೇಕು. 2013ರಲ್ಲಿ ಆರಂಭವಾದ ‘ಈಕ್ವಿಪ್’ ಎಂಬ ವೇದಿಕೆಯ ಮೂಲಕ ನಮ್ಮ ಭಾರತೀಯ ಸಮಾಜವಿಜ್ಞಾನ ಸಂಶೋಧನ ಮಂಡಳಿಯೂ ಯುರೋಪಿನ ಮಂಡಳಿಗಳೂ ಜಂಟಿ ಸಂಶೋಧನೆಯ ದಾರಿಯನ್ನು ಹುಡುಕಿದ್ದುಂಟು. ಯುರೋಪಿಯನ್ ಸಾಮಾಜಿಕ ಸಮೀಕ್ಷೆಯ ದತ್ತಾಂಶವಾದರೋ ವಾಣಿಜ್ಯೇತರ ಬಳಕೆಗೆ ಜಗತ್ತಿನ ಯಾರಿಗಾದರೂ ಉಚಿತವಾಗಿ ಲಭ್ಯ.

ಹಣಕ್ಕಿಂತ ಹತ್ತಿರದ ನಂಟು ಪ್ರಶ್ನೆಗಳದು. ಒಂದು ಭಾಷೆಯೊಳಗೆ ನಿಂತು ಉತ್ತರಿಸಲಾಗದ ಪ್ರಶ್ನೆಗಳು ನಮ್ಮ ಸುತ್ತ ಬೇಕಾದಷ್ಟಿವೆ. ಸಾಂಗಲಿ ಜಿಲ್ಲೆಯ ಕುಪವಾಡ ಗ್ರಾಮದಲ್ಲಿ ಕನ್ನಡ, ಮರಾಠಿ, ಉರ್ದು ಭಾಷೆಗಳು ಶತಮಾನಗಳ ಒಡನಾಟದಿಂದ ವಾಕ್ಯರಚನೆಯಲ್ಲಿ ಎಷ್ಟು ಹತ್ತಿರ ಬಂದಿವೆಯೆಂಬುದನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನ ಭಾಷಾವಿಜ್ಞಾನದಲ್ಲಿ ಜಗತ್ಪ್ರಸಿದ್ಧವಾಯಿತು. ಪದಗಳು ಬೇರೆಯಾಗಿ ಉಳಿದರೂ ವಾಕ್ಯದ ಅಚ್ಚು ಒಂದೇ ಆಗುತ್ತ ಬಂದಿದೆ ಎಂಬುದು ಅವರ ನಿಗಮನ. ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸರು ಹಲವು ದಶಕಗಳ ಅನಂತರ ಅದೇ ಊರಿಗೆ ಹೋಗಿ ಆ ನಿಗಮನವನ್ನು ಮತ್ತೆ ಪರೀಕ್ಷಿಸಿದರು. ರಾ. ಚಿಂ. ಢೇರೆ ಅವರು 1984ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ ಗ್ರಂಥದಲ್ಲಿ ಪಂಢರಪುರದ ದೈವದ ಚರಿತ್ರೆಯನ್ನು ಹುಡುಕುತ್ತ ಕನ್ನಡನಾಡಿನ ಆಕರಗಳಿಗೂ ಬರಬೇಕಾಯಿತು. ಅಲ್ಲಿ ಒಬ್ಬ ವಿದ್ವಾಂಸರ ವ್ಯಾಪಕ ಪಾಂಡಿತ್ಯ ಮಾಡಿದ ಕೆಲಸವನ್ನು ಯುರೋಪು ನಿಯಮ ಮತ್ತು ನಿಧಿಗಳ ಬಲದಿಂದ ನಿತ್ಯದ ರೂಢಿಯನ್ನಾಗಿ ಮಾಡಲು ಯತ್ನಿಸುತ್ತಿದೆ.

ಸಾಮರ್ಥ್ಯ, ಅವಕಾಶ, ಇಚ್ಛೆ ಎಂಬ ಮೂರು ಮಾತುಗಳನ್ನು ಅಕ್ಕಲಕೋಟ, ಜತ್ತ ತಾಲ್ಲೂಕುಗಳ ಒಂದು ಮನೆಗೆ ಅನ್ವಯಿಸಿ ನೋಡಿ. ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಸಲೀಸಲ್ಲ. ತಂದೆ ಕನ್ನಡ ಶಾಲೆಯಲ್ಲಿ ಓದಿ ಮರಾಠಿಯಲ್ಲಿ ವ್ಯವಹರಿಸುತ್ತಾರೆ. ಮಗ ಮನೆಯಲ್ಲಿ ಕನ್ನಡ ಮಾತನಾಡಿದರೂ ಓದು ಬರಹ ಬೇರೆ ಭಾಷೆಯಲ್ಲಿ. ಇಂಥ ಮನೆಗಳು ಎಷ್ಟು, ಯಾವ ತಲೆಮಾರಿನಲ್ಲಿ ಯಾವುದು ಕಳಚಿತು, ಸಾಮರ್ಥ್ಯ ಮೊದಲು ಹೋಯಿತೋ ಅವಕಾಶ ಮೊದಲು ಹೋಯಿತೋ ಎಂಬುದನ್ನು ಊಹೆಯಿಂದ ಹೇಳಬಾರದು. ಮನೆಮನೆಗೆ ಹೋಗಿ ಕೇಳಬೇಕು. ಕನ್ನಡ ವಿಭಾಗ ಒಂದೇ ಕೇಳಿದರೆ ಅದು ಒಂದು ದಂಡೆಯ ನೋಟವಾದೀತು. ಮರಾಠಿ ವಿಭಾಗದವರನ್ನೂ, ಗಡಿಯಾಚೆಯ ವಿಜಯಪುರ, ಕಲಬುರಗಿ ಕಡೆಯ ಮಹಾವಿದ್ಯಾಲಯಗಳವರನ್ನೂ ಕೂಡಿಸಿಕೊಂಡು ಒಂದೇ ಪ್ರಶ್ನಾವಳಿಯನ್ನು ಎರಡು ಭಾಷೆಗಳಲ್ಲಿ ಸಿದ್ಧಪಡಿಸಿದರೆ, ಇಬ್ಬರು ಅನುವಾದಿಸಿ, ಮೂರನೆಯವರು ತೂಗಿ, ಆರಿಸಿದ ಪ್ರತಿ ಪದಕ್ಕೂ ಕಾರಣ ಬರೆದಿಟ್ಟರೆ, ಬಂದ ಉತ್ತರಗಳನ್ನು ಎರಡೂ ಕಡೆಯವರು ಒಪ್ಪಬೇಕಾಗುತ್ತದೆ. ಇದಕ್ಕೆ ಕೋಟಿ ಯೂರೋ ಬೇಡ. ಬಸ್ಸಿನ ಖರ್ಚು, ನಾಲ್ಕು ನೋಟುಪುಸ್ತಕ, ಎರಡು ಭಾಷೆಗಳನ್ನು ಚೆನ್ನಾಗಿ ಬಲ್ಲ ಹತ್ತು ವಿದ್ಯಾರ್ಥಿಗಳು ಸಾಕು.

ಅಂಥ ಹತ್ತು ಜನ ಯುರೋಪಿನ ದೊಡ್ಡ ವಿಶ್ವವಿದ್ಯಾಲಯಕ್ಕೆ ಸುಲಭವಾಗಿ ಸಿಗುವುದಿಲ್ಲ. ನಮ್ಮ ತರಗತಿಗಳಲ್ಲಿ ಅವರು ಈಗಾಗಲೇ ಕುಳಿತಿದ್ದಾರೆ. ಅಜ್ಜಿಯ ತಲೆಮಾರು ಇರುವಾಗಲೇ ಅವರು ಪ್ರಶ್ನಾವಳಿ ಹಿಡಿದು ಹೊರಡಬೇಕು.